ಇಪ್ಪತ್ತು ಟಾಸ್ ಸೋತ ಮೇಲೆ ಇಪ್ಪತ್ತೊಂದನೆಯದು ಯಾರ ಪಾಲಿಗೆ?

2025ರ ಡಿಸೆಂಬರ್ 6, ವಿಶಾಖಪಟ್ಟಣ. ದಕ್ಷಿಣ ಆಫ್ರಿಕಾ ವಿರುದ್ಧ ಮೂರನೇ ಏಕದಿನ ಪಂದ್ಯ. ನಮ್ಮ ಕೆ.ಎಲ್. ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿದರು, ಟಾಸ್ ಗೆದ್ದರು. ಬರೀ ಟಾಸ್ ಗೆದ್ದಿದ್ದು ಅವತ್ತು ದೊಡ್ಡ ಸುದ್ದಿಯಾಯಿತು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಿಂದ ಹಿಡಿದು ಅದರ ಹಿಂದಿನ ರಾಯ್‌ಪುರದ ಪಂದ್ಯದವರೆಗೆ ಭಾರತ ಏಕದಿನ ಪಂದ್ಯಗಳಲ್ಲಿ ಸತತ 20 ಟಾಸ್ ಸೋತಿತ್ತು. ರೋಹಿತ್ ಶರ್ಮಾ ಸೋತರು, ಶುಭಮನ್ ಗಿಲ್ ಸೋತರು, ರಾಹುಲ್ ಕೂಡ ಸೋತಿದ್ದರು. ಕ್ಯಾಪ್ಟನ್ ಬದಲಾದರೂ ನಾಣ್ಯ ಮಾತ್ರ ಒಲಿಯಲಿಲ್ಲ. ಇದಕ್ಕೂ ಮುಂಚಿನ ದಾಖಲೆ ನೆದರ್ಲೆಂಡ್ಸ್‌ನದ್ದು, 2011ರಿಂದ 2013ರ ನಡುವೆ ಸತತ 11 ಸೋಲು.

ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, ನವುಲೆ ಸ್ಟೇಡಿಯಂನಲ್ಲಿ ರಣಜಿ ಪಂದ್ಯ ನಡೆಯುತ್ತದೆ. ಹಾಗಾಗಿ ಶಿವಮೊಗ್ಗ ಜಿಲ್ಲೆಯ ಹೋಟೆಲ್ಲುಗಳಲ್ಲಿ ಕ್ರಿಕೆಟ್ ಮಾತಿಗೆ ಬರ ಇಲ್ಲ. ಇಂಥ ಸಾಲು ಸೋಲು ಬಂದಾಗ ಅಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. ಒಂದು: "ಇಷ್ಟು ಸೋತಾಗಿದೆ ಮಾರಾಯ, ಇವತ್ತು ಬಿದ್ದೇ ಬೀಳುತ್ತೆ ನೋಡು." ಇನ್ನೊಂದು: "ಟೈಮ್ ಸರಿ ಇಲ್ಲ ಬಿಡು, ಇದೂ ಹೋಯ್ತು." ಕೇಳೋಕೆ ಒಂದಕ್ಕೊಂದು ವಿರುದ್ಧ. ಆದರೆ ಎರಡರಲ್ಲೂ ಇರುವ ತಪ್ಪು ಒಂದೇ. ಹಿಂದೆ ಏನಾಯಿತು ಅನ್ನೋದು ನಾಣ್ಯಕ್ಕೆ ನೆನಪಿದೆ ಅಂತ ಇಬ್ಬರೂ ನಂಬಿದ್ದಾರೆ.

ಲೆಕ್ಕ ಶುರು ಮಾಡೋಣ. ಒಂದು ಟಾಸ್ ಸೋಲುವ ಸಂಭವನೀಯತೆ 1/2. ಎರಡನ್ನೂ ಸೋಲುವುದು 1/4, ಮೂರನ್ನೂ ಸೋಲುವುದು 1/8. ಪ್ರತಿ ಸಲ ಎರಡರಿಂದ ಗುಣಿಸುತ್ತಾ ಹೋದರೆ ಹತ್ತಕ್ಕೆ 1,024, ಇಪ್ಪತ್ತಕ್ಕೆ 10,48,576. ಅಂದರೆ ಸತತ 20 ಸೋಲು ಹತ್ತು ಲಕ್ಷಕ್ಕೆ ಒಂದರಷ್ಟು ಅಪರೂಪ. ಆಗ ಎಲ್ಲ ಕಡೆ ಓಡಾಡಿದ ಅಂಕಿ ಇದೇ. ಗುಣಾಕಾರದಲ್ಲಿ ತಪ್ಪಿಲ್ಲ. ಇದು ಯಾವ ಪ್ರಶ್ನೆಗೆ ಉತ್ತರ ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ.

ಮೊದಲು "ಇವತ್ತು ಬಿದ್ದೇ ಬೀಳುತ್ತೆ" ಅನ್ನುವವರ ವಾದ ನೋಡಿ. ಸತತ 21 ಟಾಸ್ ಸೋಲುವ ಚಾನ್ಸ್ 20,97,152ಕ್ಕೆ 1. ಅಷ್ಟು ಅಪರೂಪದ್ದು ನಡೆಯಲ್ಲ, ಆದ್ದರಿಂದ ಇವತ್ತು ಗೆಲುವು ಗ್ಯಾರಂಟಿ ಅನ್ನೋದು ಅವರ ಲೆಕ್ಕ. ಆದರೆ 20 ಸೋತು ಸರಿಯಾಗಿ 21ನೆಯದನ್ನು ಗೆಲ್ಲುವ ಚಾನ್ಸ್ ಎಷ್ಟು? ಅದೂ 20,97,152ಕ್ಕೆ 1! ಎರಡೂ ಅಷ್ಟೇ ಅಪರೂಪ. ಇಪ್ಪತ್ತು ಸೋಲು ಆಗಲೇ ಆಗಿಹೋಗಿದೆ, ಆ ಅಪರೂಪವೆಲ್ಲ ಹಿಂದೆ ಉಳಿಯಿತು. ಮುಂದಿರುವುದು ಎರಡೇ ದಾರಿ, ಎರಡೂ ಸರಿಸಮ. ವಿಶಾಖಪಟ್ಟಣದಲ್ಲಿ ರಾಹುಲ್ ಗೆಲ್ಲುವ ಚಾನ್ಸ್ 50% ಇತ್ತು. ಎಡಗೈಗೂ ಬಲಗೈಗೂ ಅದರಲ್ಲಿ ಪಾಲಿಲ್ಲ.

ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆ ಈ ಲೆಕ್ಕ ಹೊಸದೇನಲ್ಲ. ‘ಯಮಾತಾರಾಜಭಾನಸಲಗಂ’ ನೆನಪಿದೆ ಅಲ್ವಾ? ಮೂರು ಅಕ್ಷರದ ಗಣ, ಪ್ರತಿ ಅಕ್ಷರವೂ ಲಘು ಇಲ್ಲವೇ ಗುರು. ಒಟ್ಟು ಎಂಟೇ ಗಣ. ಮೂರು ಸಲ ನಾಣ್ಯ ಚಿಮ್ಮಿದರೂ ಎಂಟೇ ಫಲಿತಾಂಶ. ಗುರು ಇದ್ದಲ್ಲಿ ಹೆಡ್, ಲಘು ಇದ್ದಲ್ಲಿ ಟೇಲ್ ಅಂತ ಇಟ್ಟುಕೊಳ್ಳಿ. ಮೂರೂ ಗುರು ಬರುವುದು ಮಗಣ ಒಂದರಲ್ಲಿ. ಮೂರೂ ಲಘು ಬರುವುದು ನಗಣ ಒಂದರಲ್ಲಿ. ಒಂದೇ ಗುರು ಇರುವುದು ಭ, ಜ, ಸ ಗಣಗಳಲ್ಲಿ. ಎರಡು ಗುರು ಇರುವುದು ಯ, ರ, ತ ಗಣಗಳಲ್ಲಿ. ಸಾಲಾಗಿ ಬರೆದರೆ 1, 3, 3, 1. ಹತ್ತನೇ ಶತಮಾನದ ಹಲಾಯುಧ ಪಿಂಗಳನ ಛಂದಃಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ವಿವರಿಸಿದ ಮೇರುಪ್ರಸ್ತಾರದ ಒಂದು ಸಾಲು ಇದು. ಯುರೋಪಿನಲ್ಲಿ ಪಾಸ್ಕಲ್ ಹೆಸರು ಪಡೆದ ತ್ರಿಕೋನವೂ ಇದೇ. (ಆ ಸೂತ್ರವನ್ನು ಮೂರು ಮೂರು ಅಕ್ಷರವಾಗಿ, ಒಂದೊಂದೇ ಅಕ್ಷರ ಸರಿಯುತ್ತಾ ಓದಿ ನೋಡಿ. ಎಂಟೂ ಗಣ ಹತ್ತೇ ಅಕ್ಷರದಲ್ಲಿ ಅಡಗಿವೆ. ಅದನ್ನು ಕಟ್ಟಿದವರು ಜಾಣರೇ ಇರಬೇಕು.)

ಇಲ್ಲಿ ಒಂದು ವಿಷಯ ಹಿಡಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮಗಣ ಬರುವ ಚಾನ್ಸ್ ಎಂಟಕ್ಕೆ ಒಂದು. ಜಗಣ ಬರುವ ಚಾನ್ಸೂ ಎಂಟಕ್ಕೆ ಒಂದೇ. ಆದರೆ ‘ಯಾವುದಾದರೂ ಸರಿ, ಒಂದೇ ಒಂದು ಗುರು ಇರಲಿ’ ಅಂದರೆ ಚಾನ್ಸ್ 3/8 ಆಗುತ್ತದೆ. ಅಂದರೆ ಬೆರಳಿಟ್ಟು ತೋರಿಸಿದ ಒಂದು ಸಾಲಿನ ಸಂಭವನೀಯತೆ ಬೇರೆ, ಒಂದು ಗುಂಪಿನದ್ದು ಬೇರೆ. ಇಪ್ಪತ್ತು ಟಾಸ್‌ನ ಯಾವುದೇ ಒಂದು ಸಾಲನ್ನು ತೆಗೆದುಕೊಳ್ಳಿ. ಗೆಲುವು, ಸೋಲು, ಸೋಲು, ಗೆಲುವು ಅಂತ ಕಲಸಿಹೋದ ಸಾಲೇ ಆಗಲಿ, ಅದರ ಚಾನ್ಸ್ ಕೂಡ ಹತ್ತು ಲಕ್ಷಕ್ಕೆ ಒಂದರ ಆಸುಪಾಸೇ. ಅಂಥ ಸಾಲು ದಿನಾ ಬರುತ್ತದೆ, ಯಾರೂ ಸುದ್ದಿ ಮಾಡಲ್ಲ.

ಹತ್ತು ಟಾಸ್‌ನಲ್ಲಿ ಸರಿಯಾಗಿ 5 ಹೆಡ್ ಬರುವ ಸಾಲುಗಳು 252. ಒಟ್ಟು 1,024ರಲ್ಲಿ 252 ಅಂದರೆ 24.6%. ‘ಅರ್ಧಕ್ಕರ್ಧ’ ಬರೋದು ನಾಲ್ಕರಲ್ಲಿ ಒಂದು ಸಲ ಮಾತ್ರ! ನೂರು ಟಾಸ್‌ನಲ್ಲಿ ಸರಿಯಾಗಿ 50 ಹೆಡ್ ಬರುವ ಚಾನ್ಸ್ ಇನ್ನೂ ಕಡಿಮೆ, 8%. ಹಾಗಾದರೆ ಜಾಸ್ತಿ ಸಲ ಚಿಮ್ಮಿದಷ್ಟೂ ಸಮ ಆಗುತ್ತೆ ಅಂತ ಮೇಷ್ಟ್ರು ಹೇಳಿದ್ದು ಸುಳ್ಳಾ? ಸುಳ್ಳಲ್ಲ. ಸಮಕ್ಕೆ ಹತ್ತಿರ ಬರುವುದು ಶೇಕಡಾವಾರು. ನೂರರಲ್ಲಿ 40ರಿಂದ 60ರೊಳಗೆ ಹೆಡ್ ಬೀಳುವ ಚಾನ್ಸ್ 96%ಕ್ಕೂ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್‌ನಲ್ಲಿ ಬಂದಿಯಾಗಿದ್ದ ಜಾನ್ ಕೆರಿಚ್ ಅನ್ನುವ ಗಣಿತಜ್ಞ ಹೊತ್ತು ಕಳೆಯೋಕೆ 10,000 ಸಲ ನಾಣ್ಯ ಚಿಮ್ಮಿದ. ಹೆಡ್ ಬಿದ್ದಿದ್ದು 5,067 ಸಲ. ಶೇಕಡಾ ಲೆಕ್ಕದಲ್ಲಿ 50.67, ಬಹಳ ಹತ್ತಿರ. ಎಣಿಕೆಯಲ್ಲಿ ನೋಡಿದರೆ 67 ಹೆಡ್ ಜಾಸ್ತಿ. ಆ ಹೆಚ್ಚುವರಿಯನ್ನು ನಾಣ್ಯ ವಾಪಸ್ ಕೊಡಬೇಕು ಅಂತೇನೂ ಇಲ್ಲ.

ಭಾರತದ್ದೂ ಅದೇ ಕಥೆ. 20 ಸೋತ ಮೇಲೆ ಮುಂದಿನ 980 ಟಾಸ್‌ನಲ್ಲಿ ಅರ್ಧ ಗೆದ್ದರೆ 490. ಒಟ್ಟು ಸಾವಿರಕ್ಕೆ 490 ಗೆಲುವು, ಅಂದರೆ 49%. ಆ ಇಪ್ಪತ್ತು ಸೋಲನ್ನು ಯಾರೂ ತುಂಬಿಕೊಡಲಿಲ್ಲ. ದೊಡ್ಡ ಸಂಖ್ಯೆಯ ಒಳಗೆ ಅದು ಮುಳುಗಿಹೋಯಿತು ಅಷ್ಟೇ.

ಸಾಲು ಸಾಲಾಗಿ ಬೀಳುವುದು ನಾಣ್ಯದ ಮಾಮೂಲಿ ಸ್ವಭಾವ

ಯಾವ ಹೈಸ್ಕೂಲಿನಲ್ಲಾದರೂ ಮಾಡಿ ನೋಡಬಹುದಾದ ಒಂದು ಆಟ ಇದೆ. ಗಣಿತದ ಮೇಷ್ಟ್ರುಗಳಲ್ಲಿ ಇದು ಹಳೇ ಪ್ರಯೋಗ. ಅರ್ಧ ಮಕ್ಕಳಿಗೆ ನಿಜವಾಗಿ 20 ಸಲ ನಾಣ್ಯ ಚಿಮ್ಮಿ ಬರೆಯೋಕೆ ಹೇಳಬೇಕು. ಇನ್ನರ್ಧ ಮಕ್ಕಳು ಚಿಮ್ಮದೆ ಸುಮ್ನೆ ಮನಸ್ಸಿನಿಂದ ಬರೆಯಬೇಕು. ಹಾಳೆ ನೋಡಿ ಯಾವುದು ಕಳ್ಳ ಹಾಳೆ ಅಂತ ಮೇಷ್ಟ್ರು ಹೇಳಬೇಕು. ಇದು ಅಷ್ಟು ಕಷ್ಟ ಇಲ್ಲ. ಮನಸ್ಸಿನಿಂದ ಬರೆದವರು ‘ಹೆಡ್ ಟೇಲ್ ಹೆಡ್ ಹೆಡ್ ಟೇಲ್ ಟೇಲ್ ಹೆಡ್ ಟೇಲ್’ ಅಂತ ನೀಟಾಗಿ ಬದಲಾಯಿಸುತ್ತಾ ಹೋಗುತ್ತಾರೆ. ಮೂರು ಹೆಡ್ ಒಟ್ಟಿಗೆ ಬಂತು ಅಂದರೆ ಕೈ ತಾನಾಗಿ ಟೇಲ್ ಬರೆಯುತ್ತದೆ. ನಿಜವಾದ ನಾಣ್ಯಕ್ಕೆ ಆ ಸಂಕೋಚ ಇಲ್ಲ. 20 ಟಾಸ್‌ನಲ್ಲಿ ಎಲ್ಲಾದರೂ ಒಂದು ಕಡೆ ಒಂದೇ ಮುಖ ಸತತ ನಾಲ್ಕು ಸಲ ಅಥವಾ ಅದಕ್ಕಿಂತ ಹೆಚ್ಚು ಬೀಳುವ ಚಾನ್ಸ್ 77%. ಸತತ ಐದು ಬೀಳುವ ಚಾನ್ಸೂ 46%. ನಾಲ್ಕರ ಸಾಲೇ ಇಲ್ಲದ ಹಾಳೆ ಕಂಡರೆ ಅನುಮಾನ ಪಡಬಹುದು. ಪೂರ್ತಿ ಖಾತ್ರಿ ಇಲ್ಲ, ಆದರೆ ತಪ್ಪೋದಕ್ಕಿಂತ ಸರಿಯಾಗೋದೇ ಜಾಸ್ತಿ.

ಈಗ ಹತ್ತು ಲಕ್ಷಕ್ಕೆ ಒಂದು ಅನ್ನುವ ಅಂಕಿಗೆ ವಾಪಸ್ ಬರೋಣ. 2023ರ ನವೆಂಬರ್ 19ರ ಬೆಳಗ್ಗೆ ಯಾರಾದರೂ "ಇವತ್ತಿನಿಂದ ಭಾರತ ಸತತ 20 ಟಾಸ್ ಸೋಲುತ್ತೆ" ಅಂತ ಹೇಳಿದ್ದರೆ, ಆ ಮಾತು ನಿಜವಾಗುವ ಚಾನ್ಸ್ ಅದು. ಯಾರೂ ಹಾಗೆ ಹೇಳಿರಲಿಲ್ಲ. ಸೋಲು ಹತ್ತು ಹನ್ನೆರಡು ಆದ ಮೇಲೆ ತಿರುಗಿ ನೋಡಿ ಎಣಿಸಿದ್ದು. ಸಾಲು ಎಲ್ಲಿ ಬೇಕಾದರೂ ಶುರುವಾಗಬಹುದಿತ್ತು. ಭಾರತ ಸಾವಿರಕ್ಕೂ ಹೆಚ್ಚು ಏಕದಿನ ಪಂದ್ಯ ಆಡಿದೆ. ಇಪ್ಪತ್ತರ ಸಾಲು ಶುರುವಾಗಬಹುದಾದ ಜಾಗಗಳೂ ಹತ್ತಿರ ಹತ್ತಿರ ಸಾವಿರ. ಒಂದೊಂದು ಜಾಗದಲ್ಲೂ ಹಿಂದಿನ ಟಾಸ್ ಗೆದ್ದಿದ್ದು ನಂತರದ 20 ಸೋಲುವ ಚಾನ್ಸ್ 20,97,152ಕ್ಕೆ 1. ಸಾವಿರ ಜಾಗಕ್ಕೆ ಕೂಡಿಸಿದರೆ ಸುಮಾರು 2,000ಕ್ಕೆ 1.

ಅಷ್ಟಕ್ಕೇ ನಿಲ್ಲಬೇಕಿಲ್ಲ. ಪಾಕಿಸ್ತಾನವೋ ನ್ಯೂಜಿಲೆಂಡೋ 20 ಸೋತಿದ್ದರೂ ಸುದ್ದಿ ಆಗುತ್ತಿತ್ತು. ಎಲ್ಲ ತಂಡ ಸೇರಿ 4,800ಕ್ಕೂ ಹೆಚ್ಚು ಏಕದಿನ ಪಂದ್ಯಗಳಾಗಿವೆ. ಪ್ರತಿ ಟಾಸ್ ಎರಡು ತಂಡಗಳ ಲೆಕ್ಕಕ್ಕೆ ಹೋಗುತ್ತದೆ, ಹಾಗಾಗಿ 9,600 ಜಾಗ. ಈಗ ಚಾನ್ಸ್ ಸುಮಾರು 220ಕ್ಕೆ 1. ಸತತ 20 ಗೆಲುವಾಗಿದ್ದರೂ ಬೆರಗಾಗುತ್ತಿದ್ದೆವು ಅಲ್ವಾ? ಅದನ್ನೂ ಸೇರಿಸಿದರೆ 110ಕ್ಕೆ 1. ಟೆಸ್ಟ್, ಟಿ20, ಮಹಿಳೆಯರ ಪಂದ್ಯ ಎಲ್ಲ ಸೇರಿಸುತ್ತಾ ಹೋದರೆ ಆ 110 ಇನ್ನೂ ಇಳಿಯುತ್ತದೆ. ಅಪರೂಪ ಹೌದು, ಪವಾಡ ಅಲ್ಲ.

ಟಾಸ್ ಸೋತಿದ್ದರಿಂದ ಆದ ನಷ್ಟವೂ ಮಾತಿನಷ್ಟು ದೊಡ್ಡದಲ್ಲ. 2025ರ ಚಾಂಪಿಯನ್ಸ್ ಟ್ರೋಫಿಯ ಐದೂ ಪಂದ್ಯಗಳಲ್ಲಿ ಭಾರತ ಟಾಸ್ ಸೋತಿತು, ಐದೂ ಪಂದ್ಯ ಗೆದ್ದಿತು, ಕಪ್ ತಂದಿತು.

ಯಾರಾದರೂ ಒಬ್ಬರು ಗೆಲ್ಲಲೇಬೇಕು

ಮಲೆನಾಡಿನಲ್ಲಿ ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಟೆನಿಸ್ ಬಾಲ್ ಟೂರ್ನಿಗಳ ಕಾಲ. ಅಂಥದ್ದೊಂದು 32 ತಂಡದ ನಾಕೌಟ್ ಇದೆ ಅಂದುಕೊಳ್ಳಿ. ಮಳೆ ಬಂತು, ಪಿಚ್ ಕೆಸರು. ಎಲ್ಲ ಪಂದ್ಯವನ್ನೂ ಟಾಸ್ ಹಾಕಿಯೇ ತೀರ್ಮಾನ ಮಾಡುತ್ತೇವೆ ಅಂದರು ಸಂಘಟಕರು. 32 ಇದ್ದದ್ದು 16, ಆಮೇಲೆ 8, 4, 2, ಕೊನೆಗೆ 1. ಕಪ್ ಎತ್ತುವ ಕ್ಯಾಪ್ಟನ್ ಸತತ ಐದು ಟಾಸ್ ಗೆದ್ದಿರುತ್ತಾನೆ. ಅವನೇ ಗೆಲ್ಲುತ್ತಾನೆ ಅಂತ ಮೊದಲೇ ಹೆಸರಿಸಿದ್ದರೆ ಚಾನ್ಸ್ 32ಕ್ಕೆ 1. ಆದರೆ ಯಾರೋ ಒಬ್ಬ ಸತತ ಐದು ಗೆಲ್ಲುವುದು 100% ಖಚಿತ. ಮಾರನೇ ದಿನ ಊರಲ್ಲಿ "ಅವನ ಕೈಗುಣ ಭಾರಿ" ಅಂತ ಹೆಸರಾಗುತ್ತದೆ. ಮುಂದಿನ ವರ್ಷ ಟಾಸ್‌ಗೆ ಅವನನ್ನೇ ಕಳಿಸುತ್ತಾರೆ.

ಇದನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಮೊಬೈಲಿಗೆ ‘ಇವತ್ತು ಯಾರು ಗೆಲ್ಲುತ್ತಾರೆ’ ಅಂತ ಪುಕ್ಕಟೆ ಟಿಪ್ಸ್ ಬರುತ್ತದೆ. ಕೈಚಳಕ ಸರಳ. 1,024 ನಂಬರ್ ಇಟ್ಟುಕೊಂಡು ಅರ್ಧಕ್ಕೆ ಈ ತಂಡ, ಇನ್ನರ್ಧಕ್ಕೆ ಆ ತಂಡ ಅಂತ ಕಳಿಸುವುದು. ತಪ್ಪು ಹೋದ 512 ಜನರನ್ನು ಬಿಟ್ಟುಬಿಡುವುದು. ಉಳಿದವರಿಗೆ ಮತ್ತೆ ಅರ್ಧ ಅರ್ಧ. ಆರು ಪಂದ್ಯ ಮುಗಿಯುವಾಗ 16 ಜನರ ಮೊಬೈಲಿನಲ್ಲಿ ಆರಕ್ಕೆ ಆರೂ ಸರಿಯಾದ ಭವಿಷ್ಯ ಕೂತಿರುತ್ತದೆ. ಅವರ ಪಾಲಿಗೆ ಕಳಿಸಿದವನು ದೇವರು. ಏಳನೆಯದಕ್ಕೆ ದುಡ್ಡು ಕೇಳಿದರೆ ಕೊಡದೆ ಇರೋದು ಕಷ್ಟ. ಬಿಟ್ಟುಹೋದ 1,008 ಜನ ಅವರ ಕಣ್ಣಿಗೆ ಬಿದ್ದೇ ಇಲ್ಲವಲ್ಲ.

ಇದಕ್ಕಿಂತ ಕೆಟ್ಟದ್ದು ಬಣ್ಣದ ಆ್ಯಪ್‌ಗಳು. ಕೆಂಪೋ ಹಸಿರೋ ಹೇಳು, ಸರಿಯಾದರೆ ದುಪ್ಪಟ್ಟು. ಇಲ್ಲಿಗೆ ಬರುವ ಹುಡುಗರ ಹತ್ತಿರ ಒಂದು ‘ಫಾರ್ಮುಲಾ’ ಇರುತ್ತದೆ. ಸೋತರೆ ಮುಂದಿನ ಸಲ ಎರಡರಷ್ಟು ಹಾಕು, ಯಾವತ್ತಾದರೂ ಗೆದ್ದೇ ಗೆಲ್ಲುತ್ತೀಯ, ಹಳೇ ನಷ್ಟವೆಲ್ಲ ಬಂದು ಮೇಲೆ 100 ರೂಪಾಯಿ ಉಳಿಯುತ್ತದೆ. 100, 200, 400, 800, 1,600, 3,200, 6,400. ಏಳು ಸಲ ಸೋತರೆ ಹೋಗಿದ್ದು 12,700 ರೂಪಾಯಿ. ಎಂಟನೇ ಸಲಕ್ಕೆ 12,800 ಬೇಕು, ಜೇಬು ಖಾಲಿ. ಸತತ ಏಳು ಸೋಲು 128ಕ್ಕೆ 1 ತಾನೇ, ಎಲ್ಲಿ ಬರುತ್ತೆ ಅನ್ನುತ್ತಾರೆ. ನೂರು ಆಟ ಆಡಿ. ಎಲ್ಲೋ ಒಂದು ಕಡೆ ಏಳು ಸೋಲಿನ ಸಾಲು ಬರುವ ಚಾನ್ಸ್ ಮೂರಕ್ಕೆ ಒಂದರ ಹತ್ತಿರ. ಬರದಿದ್ದರೆ ಸಿಗೋದು ಐದು ಸಾವಿರ ಚಿಲ್ಲರೆ. ಬಂದರೆ ಹೋಗೋದು ಇಟ್ಟಿದ್ದೆಲ್ಲ. ಇಲ್ಲಿಯವರೆಗೂ ಆಟ ನ್ಯಾಯವಾಗಿದೆ ಅಂತ ಇಟ್ಟುಕೊಂಡು ಹೇಳಿದ್ದು. ಗೆದ್ದಾಗ 100ರ ಬದಲು 95 ಕೊಟ್ಟು 5 ಕಮಿಷನ್ ಹಿಡಿದರೆ, ಹಾಕಿದ ಪ್ರತಿ 100 ರೂಪಾಯಿಗೆ ಸರಾಸರಿ ಎರಡೂವರೆ ರೂಪಾಯಿ ನಷ್ಟ. ಯಾವ ಫಾರ್ಮುಲಾ ಹಾಕಿದರೂ ಅದು ಕಮ್ಮಿ ಆಗಲ್ಲ. ಇನ್ನು ಆ ಆ್ಯಪ್‌ನಲ್ಲಿ ನಾಣ್ಯವೇ ಇಲ್ಲ. ಎಲ್ಲೋ ಕೂತ ಕಂಪ್ಯೂಟರ್ ಹೇಳಿದ್ದೇ ಬಣ್ಣ. ಅದು ಯಾರು ಎಷ್ಟು ಹಾಕಿದ್ದಾರೆ ಅಂತ ನೋಡಿ ಹೇಳುತ್ತೋ ನೋಡದೆ ಹೇಳುತ್ತೋ ಆಡುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇದೆ. ಆಡುವವರಿಗೆ ಶಿಕ್ಷೆ ಇಟ್ಟಿಲ್ಲ, ಅದು ಸರಿಯೇ. ಆದರೆ "ಇಷ್ಟು ಸೋತಿದ್ದೇನೆ, ಈಗ ಬಂದೇ ಬರುತ್ತೆ" ಅನ್ನುವ ನಂಬಿಕೆಯನ್ನು ಕಾನೂನು ಕಿತ್ತುಹಾಕಲಾರದು. ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ 1913ರ ಆಗಸ್ಟ್ 18ರಂದು ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪು ಬಿತ್ತು. ಹದಿನೈದು ದಾಟಿದ ಮೇಲೆ ಜನ ಕೆಂಪಿನ ಮೇಲೆ ದುಡ್ಡು ಸುರಿದರು. ಜೂಜುಕಟ್ಟೆ ಗಂಟು ಮಾಡಿಕೊಂಡಿತು. ಆ ಜನಕ್ಕೂ ಈಗಿನ ಹುಡುಗರಿಗೂ ತಲೆಯಲ್ಲಿ ಓಡಿದ್ದು ಒಂದೇ ಲೆಕ್ಕ.

ಸರಿ, ನಾಣ್ಯ ನಿಜಕ್ಕೂ ಅರ್ಧಕ್ಕರ್ಧವಾ? ಪೂರ್ತಿ ಅಲ್ಲ. ಹೆಬ್ಬೆರಳಿನಿಂದ ಚಿಮ್ಮಿದ ನಾಣ್ಯ ಮೇಲೆ ತಿರುಗುವಾಗ ಸ್ವಲ್ಪ ಓಲಾಡುತ್ತದೆ. ಅದರಿಂದಾಗಿ ಶುರುವಿನಲ್ಲಿ ಮೇಲಿದ್ದ ಮುಖವೇ ಮೇಲೆ ಬೀಳುವ ಚಾನ್ಸ್ ಕೂದಲೆಳೆಯಷ್ಟು ಜಾಸ್ತಿ ಅಂತ ಗಣಿತಜ್ಞ ಪರ್ಸಿ ಡಯಾಕೋನಿಸ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿ ತೋರಿಸಿದರು. 2023ರಲ್ಲಿ 48 ಜನ ಕೂತು 46 ಬಗೆಯ ನಾಣ್ಯಗಳನ್ನು 3,50,757 ಸಲ ಚಿಮ್ಮಿ ನೋಡಿದರು. ಶುರುವಿನ ಮುಖವೇ ಬಿದ್ದದ್ದು 50.8%. ಈ ಕೆಲಸಕ್ಕೆ 2024ರಲ್ಲಿ ಇಗ್ ನೊಬೆಲ್ ಸಿಕ್ಕಿತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಟೂರ್ನಿಯಲ್ಲಿ ಎದುರಾಳಿ ಕ್ಯಾಪ್ಟನ್ ಹೆಬ್ಬೆರಳ ಮೇಲೆ ಯಾವ ಮುಖ ಇಟ್ಟಿದ್ದಾನೆ ಅಂತ ಕಂಡರೆ ಅದನ್ನೇ ಕೂಗಿ. ಸಾವಿರ ಟಾಸ್‌ಗೆ ಎಂಟು ಹೆಚ್ಚು ಗೆಲ್ಲಬಹುದು!

ತಲೆಗೆ ಕೆಲಸ ಕೊಡುವ ಇನ್ನೊಂದು ಲೆಕ್ಕ. ಒಬ್ಬ ಹೆಡ್ ಮೇಲೆ ಹೆಡ್ ಬೀಳುವವರೆಗೆ ಚಿಮ್ಮುತ್ತಾನೆ. ಇನ್ನೊಬ್ಬ ಹೆಡ್ ಆದ ಕೂಡಲೇ ಟೇಲ್ ಬೀಳುವವರೆಗೆ. ಯಾರಿಗೆ ಬೇಗ ಸಿಗುತ್ತದೆ? ಎರಡೇ ಟಾಸ್ ನೋಡಿದರೆ ಎರಡರ ಚಾನ್ಸೂ 1/4, ಹಾಗಾಗಿ ಇಬ್ಬರಿಗೂ ಸಮ ಅನ್ನಿಸುತ್ತದೆ. ಆದರೆ ಮೊದಲನೆಯವನಿಗೆ ಸರಾಸರಿ ಆರು ಟಾಸ್ ಬೇಕು, ಎರಡನೆಯವನಿಗೆ ನಾಲ್ಕೇ ಸಾಕು. ಹೆಡ್–ಟೇಲ್ ಕಾಯುವವನಿಗೆ ಒಂದು ಹೆಡ್ ಬಿತ್ತು ಅಂದರೆ ಮುಂದೆ ಮತ್ತೆ ಹೆಡ್ ಬಿದ್ದರೂ ನಷ್ಟ ಇಲ್ಲ, ಟೇಲ್ ಬರುವವರೆಗೆ ಅಲ್ಲೇ ನಿಂತಿರುತ್ತಾನೆ. ಹೆಡ್–ಹೆಡ್ ಕಾಯುವವನಿಗೆ ನಡುವೆ ಟೇಲ್ ಬಿದ್ದರೆ ಮೊದಲಿನಿಂದ ಶುರು. ನಾಣ್ಯ ಅದೇ, ಕಾಯುವ ರೀತಿ ಬೇರೆ.

ಇಷ್ಟೆಲ್ಲ ಗುಣಾಕಾರ ನಿಂತಿರುವುದು ಒಂದೇ ಆಧಾರದ ಮೇಲೆ. ಒಂದು ಟಾಸ್‌ಗೂ ಇನ್ನೊಂದಕ್ಕೂ ಸಂಬಂಧ ಇರಬಾರದು. ಮಲೆನಾಡಿನಲ್ಲಿ ನಮಗೆ ಭಯ ಹುಟ್ಟಿಸುವ ಸಂಗತಿಗಳು ಹಾಗಿಲ್ಲ. ನೂರು ವರ್ಷಕ್ಕೊಮ್ಮೆ ಬರುವ ಮಳೆ ಅಂದರೆ ಪ್ರತಿ ವರ್ಷವೂ 1% ಚಾನ್ಸ್ ಅಂತ ಅರ್ಥ. ಹೊಳೆದಂಡೆಯಲ್ಲಿ ಮನೆ ಕಟ್ಟಿ 30 ವರ್ಷ ಇದ್ದರೆ ಒಮ್ಮೆಯಾದರೂ ಅಂಥ ಮಳೆ ನೋಡುವ ಚಾನ್ಸ್ 26%. ಇದು ನಾಣ್ಯದ ಲೆಕ್ಕವೇ, 0.99ನ್ನು 30 ಸಲ ಗುಣಿಸಿ 1ರಿಂದ ಕಳೆದದ್ದು. ಆದರೆ 2018 ಮತ್ತು 2019ರ ಆಗಸ್ಟ್, ಎರಡೂ ವರ್ಷ ಮಲೆನಾಡಿನ ಗುಡ್ಡ ಜರಿದವು. ಆ 1% ಅನ್ನುವ ಅಂಕಿ ಹುಟ್ಟಿದ್ದು ಹಳೇ ಮಳೆಯ ದಾಖಲೆಯಿಂದ. ಮಳೆಯ ರೀತಿಯೇ ಬದಲಾದರೆ ಹಳೇ ಅಂಕಿ ಹಿಡಿದು ಗುಣಿಸಿ ಪ್ರಯೋಜನ ಇಲ್ಲ.

ಅಡಿಕೆಯ ಕೊಳೆ ರೋಗದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ತೋಟಕ್ಕೆ ಕೊಳೆ ಬರುವ ಚಾನ್ಸ್ ಹತ್ತಕ್ಕೆ ಒಂದು ಅಂತ ಇಟ್ಟುಕೊಳ್ಳೋಣ. ನಾಣ್ಯದ ಹಾಗೆ ಗುಣಿಸಿದರೆ ಅಕ್ಕಪಕ್ಕದ ಎರಡು ತೋಟಕ್ಕೂ ಒಟ್ಟಿಗೆ ಬರುವುದು ನೂರಕ್ಕೆ ಒಂದು. ತೀರ್ಥಹಳ್ಳಿ, ಹೊಸನಗರದ ಯಾವ ಬೆಳೆಗಾರರೂ ಇದನ್ನು ಒಪ್ಪಲ್ಲ. ಬೋರ್ಡೋ ಔಷಧಿ ಹೊಡೆಯೋಕೆ ಬಿಡುವು ಕೊಡದ ಮಳೆ ಎರಡೂ ತೋಟಕ್ಕೆ ಒಂದೇ. ಸೋಂಕು ಹನಿಯ ಜೊತೆ, ಗಾಳಿಯ ಜೊತೆ ಬೇಲಿ ದಾಟುತ್ತದೆ. ಪಕ್ಕದ ತೋಟದಲ್ಲಿ ಕಾಯಿ ಉದುರಿದ್ದು ಕಂಡ ಮೇಲೆ ನಿಮ್ಮ ತೋಟದ ಚಾನ್ಸ್ ಹತ್ತಕ್ಕೆ ಒಂದರಲ್ಲೇ ನಿಲ್ಲದೆ ಏರುತ್ತದೆ. ಅಲ್ಲಿ ಹಿಂದಿನದ್ದನ್ನು ನೋಡಿ ಮುಂದಿನದ್ದನ್ನು ಊಹಿಸಿದರೆ ಅದು ಸರಿಯಾದ ಲೆಕ್ಕ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಅವತ್ತೇ ಫೋನ್ ಮಾಡುವುದು ಒಳ್ಳೆಯದು.